ಈಸ್ಟರ್‌ನ ಮೊದಲ ಸಿಗರೇಟು

ನನ್ನ ಗಂಡ ಪ್ರತಿ ವರ್ಷ ತಪಸ್ಸುಕಾಲದಲ್ಲಿ ಸಿಗರೇಟು ಬಿಡುತ್ತಿದ್ದರು. ಅದು ಸುರುವಾಗುವ ಬೂದಿ ಬುಧವಾರ ಹಣೆಗೆ ಬೂದಿ ಹಾಕಿಸಿಕೊಂಡು ಬಂದವರು ಉಳಿದ ಪ್ಯಾಕನ್ನು ಅಡುಗೆಮನೆಯ ಕಸದ ಬುಟ್ಟಿಗೆ ಎಸೆದರೆ, ಈಸ್ಟರ್ ರಾತ್ರಿಯ ಜಾಗರಣೆಯ ಪೂಜೆ ಮುಗಿಯುವ ತನಕ ಮತ್ತೆ ಒಂದನ್ನೂ ಮುಟ್ಟುತ್ತಿರಲಿಲ್ಲ. ಅದರಲ್ಲಿ ಕಳ್ಳಾಟವಿರಲಿಲ್ಲ. ಈಸ್ಟರಿಗೆ ಮುಂಚಿನ ಆ ಉಪವಾಸದ ವಾರಗಳಲ್ಲಿ ಇಷ್ಟದ್ದು ಏನಾದರೊಂದನ್ನು ಬಿಡುವುದು ಮಂಗಳೂರು ಕಡೆಯ ನಮ್ಮ ಕ್ರೈಸ್ತ ಮನೆಗಳ ರೂಢಿ. ಊರಿನಲ್ಲಿ ಗಂಡಸರು ಕುಡಿತ ಬಿಡುತ್ತಾರೆ. ಕುವೈತಿನಲ್ಲಿ ಕುಳಿತು ಕುಡಿತ ಬಿಟ್ಟೆ ಎಂದರೆ ದೇವರಿಗೂ ನಗು ಬಂದೀತು, ಇಲ್ಲಿ ಅದಕ್ಕೆ ನಿಷೇಧ. ಹಾಗಾಗಿ ಇವರಿಗೆ ಬಿಡಲಿಕ್ಕೆ ಉಳಿದದ್ದು ಸಿಗರೇಟು ಒಂದೇ.

ಬಿಡುವುದರಲ್ಲಿ ಎಷ್ಟು ಶಿಸ್ತೋ ಮತ್ತೆ ಹಿಡಿಯುವುದರಲ್ಲೂ ಅಷ್ಟೇ ಶಿಸ್ತು. ಜಾಗರಣೆಯ ಪೂಜೆ ಮುಗಿದು, ಎಲ್ಲರೂ ಕೈಕುಲುಕಿ ಹಬ್ಬದ ಶುಭಾಶಯ ಹೇಳಿಯಾದ ಮೇಲೆ, ಅಹ್ಮದಿಯ ಚರ್ಚಿನ ಹೊರಗೆ ಕಾರು ನಿಲ್ಲಿಸುವ ಮರಳು ಜಾಗಕ್ಕೆ ಹೋಗುವುದು. ಅಲ್ಲಿ ಇವರ ಹಾಡಿನ ತಂಡದ ಗೆಳೆಯ, ಉಡುಪಿ ಕಡೆಯವರು, ಹೊಸ ಪ್ಯಾಕು ಒಡೆದು ಕಾದಿರುತ್ತಿದ್ದರು. ಮೊದಲನೆಯದು ನನ್ನ ಗಂಡನಿಗೆ. ಸುತ್ತ ನಿಂತವರದ್ದು ಚಪ್ಪಾಳೆ. ಇವರು ಕಣ್ಣು ಮುಚ್ಚಿ ಎಳೆದು, ಹೊಗೆಯನ್ನು ಮೇಲಕ್ಕೆ ಬಿಟ್ಟು, "ಹಾಂ, ಈಗ ಈಸ್ಟರ್" ಎನ್ನುತ್ತಿದ್ದರು.

ನಾನು ನಮ್ಮ ಕಾರಿನ ಹತ್ತಿರ, ಎಲ್ಲರಿಗೂ ಹಂಚಲು ಮಾಡಿ ತಂದ ಕೇಕಿನ ಡಬ್ಬಿ ಹಿಡಿದು ನಿಂತಿರುತ್ತಿದ್ದೆ. ಇಷ್ಟು ವಾರ ಬಿಟ್ಟವರಿಗೆ ಇನ್ನೊಂದು ದಿನ ಬಿಡಲಿಕ್ಕೆ ಏನು ಕಷ್ಟ ಎಂದು ಪ್ರತಿ ವರ್ಷವೂ ಆಸೆಪಡುತ್ತಿದ್ದೆ. ಪ್ರತಿ ವರ್ಷವೂ ಆ ಹೊಗೆ ಕಂಡ ಕೂಡಲೇ ನನ್ನ ಹಬ್ಬ ಮುಗಿದುಹೋಗುತ್ತಿತ್ತು. ಇದನ್ನು ಅವರಿಗೆ ಒಮ್ಮೆಯೂ ಹೇಳಿದವಳಲ್ಲ. ಹೇಳಿದರೆ ಜಗಳ, ಹಬ್ಬದ ದಿನ ಜಗಳ ಯಾಕೆ ಎಂದು ಸುಮ್ಮನೆ ಕೇಕು ಹಂಚುತ್ತಿದ್ದೆ.

ಕಳೆದ ವರ್ಷ ನಮ್ಮ ತಪಸ್ಸುಕಾಲವೂ ರಂಜಾನೂ ಒಂದೇ ವಾರದಲ್ಲಿ ಸುರುವಾದವು. ಬೂದಿ ಬುಧವಾರ ಸಂಜೆ ಎಂದಿನಂತೆ ಪ್ಯಾಕು ಕಸದ ಬುಟ್ಟಿಗೆ ಬಿತ್ತು. ಆಮೇಲೆ ಕಿಸೆಯಿಂದ ಬೆರಳುದ್ದದ ಒಂದು ಕಪ್ಪು ಸಾಮಾನೂ ಒಂದು ಸಣ್ಣ ಬಾಟಲಿಯೂ ಹೊರಗೆ ಬಂದವು.

"ಇದು ಎಂತ?" ಎಂದು ಕೇಳಿದೆ. ಮನೆಯಲ್ಲಿ ನಾವು ಮಾತಾಡುವುದು ಕೊಂಕಣಿ. ಬರೆಯಲು ಕುಳಿತರೆ ಅದು ಮಂಗಳೂರಿನ ಕನ್ನಡವಾಗಿ ಬರುತ್ತದೆ.

"ವೇಪ್. ಈ ಬಾಟಲಿಯದ್ದರ ಆವಿ ಎಳೆಯುವುದು. ಸಿಗರೇಟಲ್ಲ."

"ಹಾಗಾದ್ರೆ ವ್ರತ?"

"ದೇವರಿಗೆ ನಾನು ಹೇಳಿದ್ದು ಸಿಗರೇಟು ಬಿಡ್ತೇನೆ ಅಂತ. ಇದ್ರಲ್ಲಿ ಬೆಂಕಿ ಉಂಟಾ? ಹೊಗೆ ಉಂಟಾ? ಬೂದಿ ಆದ್ರೂ ಉಂಟಾ?"

ಬೂದಿ ಅವರ ಹಣೆಯ ಮೇಲೆ ಇನ್ನೂ ಇತ್ತು. ನನಗೆ ಸಿಟ್ಟು ಬಂತು. ಬಟ್ಟೆ ಬದಲಾಯಿಸಲು ಹೋಗುತ್ತಾ ಅವರೇ ಮೆಲ್ಲಗೆ, "ಯಾರಿಗೆ ಗೊತ್ತು ಮಾರಾಯ್ತಿ, ಇದು ಹಿಡಿಸಿದ್ರೆ ಈಸ್ಟರ್ ಆದ್ಮೇಲೂ ಸಿಗರೇಟು ಬೇಡ ಅಂತ ಆಗಬಹುದು" ಎಂದರು. ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ಅವರ ಬಾಯಿಂದ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು.

ಒಂದು ವಾರ ಆಗಲಿಲ್ಲ, ಗಂಟಲಿನ ಸಂಗೀತ ಸುರುವಾಯಿತು. ಬೆಳಿಗ್ಗೆ ಎದ್ದರೆ ಒಣ ಕೆಮ್ಮು. ಊಟದ ನಡುವೆ, ಫೋನಿನಲ್ಲಿ, ಜಪಸರ ಹೇಳುವಾಗ, ಗಳಿಗೆಗೊಮ್ಮೆ ಗಂಟಲು ಕೆರೆದು ಸರಿ ಮಾಡಿಕೊಳ್ಳುವುದು. "ಒಳಗೆ ಮರಳು ಹಾಕಿದ ಹಾಗೆ ಆಗ್ತದೆ" ಎನ್ನುತ್ತಿದ್ದರು. ಹನ್ನೊಂದನೇ ಕ್ಲಾಸಿನ ಮಗಳಿಗೆ ನಾವು ಏನು ಕೇಳಿದರೂ ಉತ್ತರ ಇಂಗ್ಲಿಷಿನಲ್ಲೇ. ಅವಳು ಪುಸ್ತಕದಿಂದ ತಲೆ ಎತ್ತದೆ, "ಡ್ಯಾಡಾ, ಪ್ಲೀಸ್, ಗೋ ಸೀ ಅ ಡಾಕ್ಟರ್" ಎಂದು ಎದ್ದುಹೋಗಿ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಎಲ್ಲರೂ ರಂಜಾನಿನ ಮೇಲೆ ತಪ್ಪು ಹೊರಿಸಿದರು. ಅದಕ್ಕೆ ಕಾರಣವೂ ಇತ್ತು. ಇವರದು ಅಹ್ಮದಿಯಲ್ಲಿ ಒಂದು ಕಾಂಟ್ರಾಕ್ಟ್ ಕಂಪೆನಿಯ ಲೆಕ್ಕಪತ್ರ ವಿಭಾಗ. ಒಂದೇ ದೊಡ್ಡ ಹಾಲಿನಲ್ಲಿ ಈಜಿಪ್ಟಿನವರು, ಪಾಕಿಸ್ತಾನದವರು, ಕೇರಳದವರು. ಹೆಚ್ಚಿನವರು ಉಪವಾಸ. ಹಗಲು ಹೊತ್ತು ಉಳಿದವರೂ ಎದುರಿಗೆ ನೀರಿನ ಬಾಟಲಿ ಎತ್ತುವ ಹಾಗಿಲ್ಲ. ಕಾನೂನೂ ಹೌದು, ಮರ್ಯಾದೆಯೂ ಹೌದು. ಮೇಲಿಂದ ಏಸಿ. ಗಂಟಲು ಒಣಗದೆ ಇನ್ನೇನು ಎಂದು ಉಡುಪಿಯ ಗೆಳೆಯರು ತೀರ್ಪು ಕೊಟ್ಟರು. ನಾನು ಶುಂಠಿ, ಕಾಳುಮೆಣಸು, ಜೀರಿಗೆ ಕುದಿಸಿ ಕಷಾಯ ಮಾಡಿದೆ. ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸಲು ಕೊಟ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಎಲ್ಲವೂ ನಡೆಯಿತು.

ಎತ್ತು ಯಾವುದು ಎಂದು ನನಗೆ ಗೊತ್ತಾದದ್ದು ಒಂದು ಬೆಳಿಗ್ಗೆ ಬಚ್ಚಲು ತೊಳೆಯುವಾಗ. ಕನ್ನಡಿಯ ಕೆಳಗೆ ಆ ಸಣ್ಣ ಬಾಟಲಿ ಇತ್ತು. ನಾನು ಮಕ್ಕಳ ಹೊರರೋಗಿ ವಿಭಾಗದ ನರ್ಸ್, ಬಾಟಲಿ ಕಂಡರೆ ಅದರ ಮೇಲಿನ ಅಕ್ಷರ ಓದದೆ ಇಟ್ಟ ಅಭ್ಯಾಸವಿಲ್ಲ. ನಿಕೋಟಿನ್ ಪ್ರಮಾಣ ನೋಡಿದೆ. ಫೋನಿನಲ್ಲಿ ಹುಡುಕಿ ಹೋಲಿಸಿದೆ. ಅಂಗಡಿಗಳಲ್ಲಿ ಸಿಗುವುದರಲ್ಲೇ ಅತ್ಯಂತ ಖಾರದ್ದನ್ನು ಇವರು ಹಿಡಿದುಕೊಂಡು ಬಂದಿದ್ದರು.

ಆಗ ಅವರ ಬೆಳಗಿನ ನಡವಳಿಕೆಯೂ ಅರ್ಥವಾಯಿತು. ಆಫೀಸಿನಲ್ಲಿ ಉಪವಾಸ ಮಾಡುವವರು ನಸುಕಿಗೆ ಎದ್ದು ಹೊಟ್ಟೆ ತುಂಬಾ ಉಣ್ಣುತ್ತಾರಲ್ಲ, ಸಂಜೆಯವರೆಗೆ ಅದು ನಿಲ್ಲಲಿ ಎಂದು? ನನ್ನ ಗಂಡ ಅದನ್ನು ನೋಡಿ ಕಲಿತಿದ್ದರು. ಹಗಲಿಡೀ ಎಳೆಯಲಿಕ್ಕಿಲ್ಲ, ಆದ್ದರಿಂದ ಬೆಳಿಗ್ಗೆಯೇ ಬಚ್ಚಲಿನ ಬಾಗಿಲು ಹಾಕಿಕೊಂಡು ಸಂಜೆಗೆ ಬೇಕಾದಷ್ಟನ್ನು ತುಂಬಿಸಿಕೊಳ್ಳುತ್ತಿದ್ದರು. ಅದೂ ಸಿಗರೇಟು ಎಳೆದ ಅಭ್ಯಾಸದಲ್ಲಿ, ಎದೆಯ ತಳದ ತನಕ. ಗಂಟಲನ್ನು ಒಣಗಿಸುವ ಆ ಆವಿ ಕುಡಿದು, ಮತ್ತೆ ಸೂರ್ಯ ಮುಳುಗುವವರೆಗೆ ಒಂದು ಗುಟುಕು ನೀರಿಲ್ಲದೆ ಕುಳಿತಿರುವುದು. ಕ್ರೈಸ್ತರ ವ್ರತ, ಮುಸಲ್ಮಾನರ ಉಪವಾಸ, ಎರಡನ್ನೂ ಒಂದೇ ಗಂಟಲಿನ ಮೇಲೆ ಹೇರಿದ ಪುಣ್ಯಾತ್ಮ ಇಡೀ ಕುವೈತಿನಲ್ಲಿ ಇವರೊಬ್ಬರೇ ಇರಬೇಕು.

ಪ್ರಮಾಣ ಕಡಿಮೆ ಮಾಡಿ, ಮೆಲ್ಲಗೆ ಎಳೆಯಿರಿ, ನೀರು ಕುಡಿಯಿರಿ. ಹೇಳಬೇಕಾದದ್ದು ಇಷ್ಟೇ ಇತ್ತು. ಬೇರೆ ಯಾರಾದರೂ ಆಗಿದ್ದರೆ ನಿಂತ ಕಾಲಲ್ಲಿ ಹೇಳಿಬಿಡುತ್ತಿದ್ದೆ. ಆದರೆ ಬಾಟಲಿ ಕೈಯಲ್ಲಿ ಹಿಡಿದು ನಿಂತಾಗ ನನಗೆ ಬೇರೆಯೇ ಒಂದು ಯೋಚನೆ ಬಂತು. ಗಂಟಲು ಸರಿಯಾದರೆ ಇವರು ಈ ಸಾಮಾನನ್ನು ಜೀವಮಾನವಿಡೀ ಬಾಯಲ್ಲಿಟ್ಟುಕೊಳ್ಳುತ್ತಾರೆ. ಉರಿಯುತ್ತಲೇ ಇದ್ದರೆ ಇದನ್ನೂ ಬಿಸಾಡಿಯಾರು. ಸಿಗರೇಟು ವ್ರತಕ್ಕೆ ಹೋಯಿತು, ವೇಪ್ ಉರಿಗೆ ಹೋಗಲಿ, ಈಸ್ಟರಿಗೆ ಕೈ ಖಾಲಿಯಾಗಿ ನಿಲ್ಲಲಿ. ಉರಿಯಲಿ ಬಿಡು ಎಂದುಕೊಂಡು ಬಾಟಲಿಯನ್ನು ಇದ್ದಲ್ಲೇ ಇಟ್ಟೆ.

ರಂಜಾನ್ ಹಬ್ಬ ಬಂತು, ಹಗಲು ನೀರು ಕುಡಿಯಬಹುದು ಎಂದಾಯಿತು. ನಮ್ಮ ತಪಸ್ಸುಕಾಲ ಇನ್ನೂ ಬಾಕಿ ಇತ್ತು. ನೀರು ಕುಡಿದರೆ ಸರಿಯಾಗುತ್ತದೆ ಎಂದವರೆಲ್ಲ ಸುಳ್ಳಾದರು. ಹಗಲೂ ಎಳೆಯಬಹುದು ಎಂದಾದ ಮೇಲೆ ಇವರು ಬೆಳಗಿನ ಪಾಲನ್ನೂ ಬಿಡದೆ ಹಗಲಿನ ಪಾಲನ್ನೂ ಸೇರಿಸಿದ್ದರು. ಗಂಟಲು ಇನ್ನೂ ಕೆಟ್ಟಿತು. ಮಾತಾಡುತ್ತಾ ಮಾತಾಡುತ್ತಾ ಸ್ವರ ಕಾಗೆಯದಾಗುತ್ತಿತ್ತು. ನನ್ನ ಗುಟ್ಟು ಬಾಯೊಳಗಿನ ಬಿಸಿ ತುಪ್ಪವಾಯಿತು, ಉಗುಳಲೂ ಆಗದು, ನುಂಗಲೂ ಆಗದು. ಒಂದು ದಿನ ಹೇಳಿಬಿಡುವ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಆ ಸಾಮಾನನ್ನು ಮೇಜಿನ ಮೇಲೆ ಕುಕ್ಕಿ, "ದರಿದ್ರದ್ದು, ಬಿಸಾಡ್ತೇನೆ ಒಂದು ದಿನ" ಎಂದರು. ನನ್ನ ಯೋಜನೆ ಫಲಿಸುತ್ತಿದೆ ಎಂದು ಒಳಗೊಳಗೇ ಖುಷಿಪಟ್ಟು ಬಾಯಿ ಮುಚ್ಚಿಕೊಂಡೆ. ಅತಿ ಆಸೆ ಗತಿ ಕೇಡು ಎಂದು ನಮ್ಮಮ್ಮ ಸುಮ್ಮನೆ ಹೇಳುತ್ತಿರಲಿಲ್ಲ.

ತಪಸ್ಸುಕಾಲದ ಶುಕ್ರವಾರಗಳಂದು ಚರ್ಚಿನಲ್ಲಿ ಶಿಲುಬೆಯ ಹಾದಿಯ ಪ್ರಾರ್ಥನೆ. ಯೇಸುವಿನ ಯಾತನೆಯ ಒಂದೊಂದು ಘಟ್ಟಕ್ಕೂ ನಡೆಯುತ್ತಾ ಹಾಡುವುದು. ಮೊದಲ ಸಾಲು ಎತ್ತಿಕೊಡುವುದು ಇವರ ಕೆಲಸ, ಅದು ಎಷ್ಟೋ ವರ್ಷದಿಂದ. ಇವರದ್ದು ತಗ್ಗಿನ ಸ್ವರ, ದೊಡ್ಡದು. ಹಾಡದಿದ್ದಾಗ ಇವರು ತೀರಾ ಸಾಧಾರಣ ಮನುಷ್ಯ, ಅದನ್ನು ನಾನು ಹೇಳಿದರೆ ತಪ್ಪಿಲ್ಲ. ಹಾಡುವಾಗ ಮಾತ್ರ ನಾನು ಯಾಕೆ ಇವರನ್ನು ಮದುವೆಯಾದೆ ಎಂದು ನನಗೆ ನೆನಪಾಗುತ್ತದೆ. ಒಂದು ಶುಕ್ರವಾರ ಯೇಸು ಮೊದಲ ಸಲ ಬೀಳುವ ಘಟ್ಟಕ್ಕೆ ಬಂದಾಗ ಇವರ ಸ್ವರ ಬಿತ್ತು. ಬಾಯಿ ತೆರೆದಿತ್ತು, ಒಳಗಿಂದ ಗಾಳಿ ಮಾತ್ರ ಬಂತು. ಉಡುಪಿಯ ಗೆಳೆಯರು ಕೂಡಲೇ ಸಾಲು ಎತ್ತಿಕೊಂಡರು. ಉಳಿದ ಘಟ್ಟಗಳನ್ನೆಲ್ಲ ಇವರು ಪುಸ್ತಕ ನೋಡುತ್ತಾ ಸುಮ್ಮನೆ ನಡೆದರು. ಅವರ ಕಿವಿಗಳು ಕೆಂಪಾಗಿದ್ದವು.

ಮನೆಗೆ ಹೋಗುವಾಗ ಕಾರು ಎಗೈಲಾದ ಸಿಗ್ನಲಿನಲ್ಲಿ ನಿಂತಾಗ ಇವರು ಹೇಳಿದರು: "ಇಷ್ಟು ವರ್ಷ ಸಿಗರೇಟು ಸೇದಿದೆ, ಒಂದು ದಿನ ಹೀಗೆ ಆಗ್ಲಿಲ್ಲ. ಈಸ್ಟರ್ ಒಂದು ಬರ್ಲಿ. ವಾಪಸ್ ಅದನ್ನೇ ಹಿಡಿದ್ರೆ ಗಂಟಲು ಸರಿಯಾಗ್ತದೆ."

ಸಿಗ್ನಲ್ ಹಸಿರಾಯಿತು, ಹಿಂದಿನವನು ಹಾರ್ನ್ ಹಾಕಿದ. ಇವರು ವೇಪನ್ನು ಬಿಸಾಡುವುದೇನೋ ಹೌದು, ಆದರೆ ಸಿಗರೇಟಿಗಾಗಿ. ಈಸ್ಟರ್ ಆದ್ಮೇಲೂ ಬೇಡ ಆಗಬಹುದು ಎಂದು ಬೂದಿ ಬುಧವಾರ ಹೇಳಿದ್ದ ಬಾಯಲ್ಲೇ ಈಗ ಈಸ್ಟರ್ ಬರಲಿ ಎಂಬ ಮಾತು ಬಂದಿತ್ತು. ಅದನ್ನು ಬರಿಸಿದವಳು ನಾನು.

ಮನೆಗೆ ಹೋದವಳೇ ಫೋನಿನ ಟಾರ್ಚು ಹಚ್ಚಿ, ಚಮಚ ಹಿಡಿದು, ಬಾಯಿ ತೆರೆಯಿರಿ ಎಂದೆ. ಮೂರು ವರ್ಷದ ಮಕ್ಕಳು ನನ್ನೆದುರು ಬಾಯಿ ತೆರೆಯುತ್ತವೆ. ಐವತ್ತು ದಾಟಿದ ಇವರು ಸೋಫಾದ ಮೂಲೆಗೆ ಸರಿದು ತುಟಿ ಬಿಗಿ ಹಿಡಿದರು. ಬೈದ ಮೇಲೆ ತೆರೆದರು. ಗಂಟಲಿನ ಹಿಂಭಾಗ ಕೆಂಪಗಾಗಿ ಒಣಗಿತ್ತು.

"ಎಂತ ಕಾಣ್ತದೆ?"

"ಕೆಂಪು ಉಂಟು."

"ಬೇರೆ ಎಂತ ಇಲ್ಲ ಅಲ್ವಾ?" ಚಮಚ ತೆಗೆದರೂ ಬಾಯಿ ಅರ್ಧ ತೆರೆದೇ ಇತ್ತು. "ನಿನ್ನ ಆಸ್ಪತ್ರೆಯಲ್ಲಿ ಮೂಗಿನಿಂದ ಕ್ಯಾಮೆರಾ ಹಾಕಿ ನೋಡ್ತಾರಲ್ಲ... ಒಮ್ಮೆ ನೋಡಿಸುವನಾ?"

ಇವರು ಕ್ಯಾನ್ಸರಿಗೆ ಹೆದರುತ್ತಿದ್ದಾರೆ ಎಂದು ಆಗ ಗೊತ್ತಾಯಿತು. ಇಷ್ಟು ದಿನ ಗಂಟಲು ಕೆರೆಯುತ್ತಾ ಕೆರೆಯುತ್ತಾ ಈ ಮನುಷ್ಯ ಒಳಗೆ ಇದನ್ನೇ ನೆನೆಸುತ್ತಿದ್ದರು, ನಾನು ಉರಿಯಲಿ ಬಿಡು ಎನ್ನುತ್ತಿದ್ದೆ. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

ಮರುದಿನವೇ ಇವರಿಗೆ ರಜೆ ಹಾಕಿಸಿ, ನನ್ನ ಡ್ಯೂಟಿ ಮುಗಿದ ಕೂಡಲೇ ತೋರಿಸಲು ಕರೆದುಕೊಂಡು ಹೋದೆ. ನಮ್ಮ ಆಸ್ಪತ್ರೆಯ ಗಂಟಲು ಡಾಕ್ಟರು ಈಜಿಪ್ಟಿನವರು, ಮಾತು ಕಡಿಮೆ. ಕ್ಯಾಮೆರಾ ಇಳಿಸಿ, ಪರದೆಯ ಮೇಲೆ ಬಹಳ ಹೊತ್ತು ನೋಡಿ, ಒಣಗಿದೆ, ಕೆರಳಿದೆ, ಬೇರೆ ಏನೂ ಇಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಆಮೇಲೆ ಕೈಗವಸು ಬಿಚ್ಚುತ್ತಾ, "ಸಿಗರೇಟ್ ಖಲಾಸ್. ವೇಪ್ ಖಲಾಸ್" ಎಂದರು. ಹೊರಗೆ ಬಂದಾಗ ನನ್ನ ಗಂಡನ ಕಣ್ಣಲ್ಲಿ ನೀರಿತ್ತು. ಮೂಗಿಗೆ ಪೈಪು ಹಾಕಿದ್ದಕ್ಕೆ ಎಂದರು. ನಾನು ನಂಬಿದ ಹಾಗೆ ಮಾಡಿದೆ.

ಕಾರಿನಲ್ಲಿ ಕುಳಿತ ಮೇಲೆ ಹೇಳಿಬಿಟ್ಟೆ. ಬಾಟಲಿ ನೋಡಿದ್ದು, ಓದಿದ್ದು, ಇದ್ದಲ್ಲೇ ಇಟ್ಟದ್ದು, ಯಾಕೆ ಇಟ್ಟೆ ಎಂಬುದು, ಎಲ್ಲ. ಇವರು ಸ್ಟಿಯರಿಂಗ್ ಹಿಡಿದು ಮುಂದೆ ನೋಡುತ್ತಾ ಕೇಳಿಸಿಕೊಂಡರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು.

"ನೀನು ನರ್ಸ್ ಅಲ್ವಾ?" ಎಂದರು ಕಡೆಗೆ. "ಬೇರೆಯವರ ಗಂಟಲಾದ್ರೆ ಹೇಳ್ತಿದ್ದೆಯಲ್ಲ?"

"ಬೇರೆಯವರು ಈಸ್ಟರ್ ದಿನ ನನ್ನೆದುರು ಸಿಗರೇಟು ಹಚ್ಚುವುದಿಲ್ಲ" ಎಂದೆ.

ಅಷ್ಟು ಬಾಯಿಂದ ಬಂದ ಮೇಲೆ ಉಳಿದದ್ದೂ ಬಂತು. ಪ್ರತಿ ವರ್ಷ ಕೇಕಿನ ಡಬ್ಬಿ ಹಿಡಿದು ಕಾರಿನ ಹತ್ತಿರ ನಿಂತು ನಾನು ಯಾವುದಕ್ಕಾಗಿ ಕಾಯುತ್ತೇನೆ, ಅವರೆಲ್ಲ ಚಪ್ಪಾಳೆ ತಟ್ಟುವಾಗ ನನಗೆ ಏನಾಗುತ್ತದೆ. ಹೇಳುತ್ತಾ ಅತ್ತುಬಿಟ್ಟೆ. ಇವರು ತಿರುಗಿ ನನ್ನ ಮುಖ ನೋಡಿದರು. "ನೀನು ಅಲ್ಲಿ ಕೇಕು ಹಂಚುವುದು ಅಂತ ನಾನು ತಿಳ್ಕೊಂಡದ್ದು" ಎಂದರು. ಅದು ಸುಳ್ಳಲ್ಲ. ಇಷ್ಟು ವರ್ಷದಲ್ಲಿ ಆ ಹೊತ್ತಿನಲ್ಲಿ ಅವರು ಒಮ್ಮೆಯೂ ನನ್ನ ಕಡೆ ನೋಡಿದ್ದಿಲ್ಲ.

ಅದೇ ದಿನ ಎಗೈಲಾದ ಮಾಲಿನಲ್ಲಿ ವೇಪ್ ಮಾರುವ ಅಂಗಡಿಗೆ ಹೋದೆವು. ಆಸ್ಪತ್ರೆಯ ಸಮವಸ್ತ್ರದಲ್ಲೇ ಇದ್ದ ನಾನು ಗಾಜಿನ ಕಪಾಟಿನೆದುರು ನಿಂತು, ಮಾವು, ಪುದೀನ, ಕಲ್ಲಂಗಡಿ ಎಂದು ಬರೆದ ಬಾಟಲಿಗಳನ್ನು ಒಂದೊಂದಾಗಿ ತಿರುಗಿಸಿ ಪ್ರಮಾಣ ಓದುತ್ತಿದ್ದರೆ ಅಂಗಡಿಯವನು ಇನ್ಸ್‌ಪೆಕ್ಷನಿಗೆ ಬಂದವಳು ಎಂದು ಹೆದರಿರಬೇಕು. ಎಲ್ಲದಕ್ಕಿಂತ ಕಡಿಮೆಯದ್ದನ್ನು ಆರಿಸಿ ಇವರ ಕೈಗೆ ಕೊಟ್ಟೆ. ಡಾಕ್ಟರು ಎರಡೂ ಖಲಾಸ್ ಎಂದದ್ದು ನೆನಪಿತ್ತು. ಆದರೆ ಎರಡನ್ನೂ ಒಟ್ಟಿಗೆ ಬಿಡಿಸಲು, ಹಾವೂ ಸಾಯಬೇಕು ಕೋಲೂ ಮುರಿಯಬೇಕು ಎಂದು ಹೊರಟದ್ದರ ಫಲ ಆಗಲೇ ಕಂಡಿದ್ದೆ. ಬೆಳಗಿನ ಬಚ್ಚಲಿನ ಪಾಲು ನಿಂತಿತು. ಎಳೆಯುವುದಿದ್ದರೆ ಮೆಲ್ಲಗೆ ಬಾಯಿಯಷ್ಟಕ್ಕೆ, ಮೇಲೆ ಒಂದು ಲೋಟ ನೀರು. ಈ ಮೂರು ಮಾತನ್ನು ಬಾಟಲಿ ಓದಿದ ಆ ಬೆಳಿಗ್ಗೆಯೇ ಹೇಳಬಹುದಿತ್ತು.

ಗಂಟಲು ನಿಧಾನವಾಗಿ ಸುಧಾರಿಸಿತು. ಶುಭ ಶುಕ್ರವಾರದಂದು ಇವರು ಹಿಂದಿನ ಸಾಲಿನಲ್ಲಿ ನಿಂತು ಸಣ್ಣ ಸ್ವರದಲ್ಲಿ ಹಾಡಿದರು. ಮರುದಿನ ಮಧ್ಯಾಹ್ನ ನಾನು ಕೇಕಿಗೆ ಸಕ್ಕರೆ ತಿರುಗಿಸುತ್ತಿದ್ದಾಗ ತಾವೇ ಅಡುಗೆಮನೆಗೆ ಬಂದು ಬಾಯಿ ತೆರೆದು ನಿಂತರು. ಟಾರ್ಚು ಹಿಡಿದು ನೋಡಿದೆ. ಕೆಂಪು ಹೋಗಿತ್ತು, ಒಣಗಿದ್ದು ಹೋಗಿತ್ತು. "ಚೊಕ್ಕ ಉಂಟು" ಎಂದೆ. ಅವರು ತಲೆಯಾಡಿಸಿ ಹೋದರು. ಸಿಗರೇಟಿನ ಮಾತು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಜಾಗರಣೆಯ ಪೂಜೆಯಲ್ಲಿ ದೀಪಗಳೆಲ್ಲ ಹೊತ್ತಿ, ಗಂಟೆಗಳು ಬಾರಿಸಿ, ಇಷ್ಟು ವಾರ ಸುಮ್ಮನಿದ್ದ ಗ್ಲೋರಿಯಾ ಎಂಬ ಸ್ತುತಿಗೀತೆ ಎದ್ದಿತು. ಇವರ ಸ್ವರ ಎಲ್ಲರದ್ದಕ್ಕಿಂತ ಕೆಳಗಿನಿಂದ ಬಂದು ಇಡೀ ಹಾಡನ್ನು ಹೊತ್ತುಕೊಂಡಿತು. ಪಕ್ಕದಲ್ಲಿದ್ದ ಮಗಳು ನನ್ನ ಮೊಣಕೈ ತಟ್ಟಿ ನಕ್ಕಳು. ನನಗೆ ಖುಷಿಯಾಯಿತು, ಅದರ ಹಿಂದೆಯೇ ಹೆದರಿಕೆಯೂ ಆಯಿತು. ಗಂಟಲು ಸರಿಯಾಗಿದೆ, ಇನ್ನು ಇವರನ್ನು ತಡೆಯಲಿಕ್ಕೆ ಏನೂ ಇಲ್ಲ.

ಪೂಜೆ ಮುಗಿದು ಮರಳು ಜಾಗಕ್ಕೆ ಬಂದೆವು. ನಾನು ಎಂದಿನ ಹಾಗೆ ಕಾರಿನ ಹತ್ತಿರ ಡಬ್ಬಿ ಹಿಡಿದು ನಿಂತೆ. ಅಲ್ಲಿ ಗುಂಪು ಸೇರಿತು. ಉಡುಪಿಯ ಗೆಳೆಯರು ಪ್ಯಾಕಿನ ಮೇಲಿನ ಹಾಳೆ ಸುಲಿದು, ಒಂದನ್ನು ಅರ್ಧ ಹೊರಗೆಳೆದು ಇವರ ಮುಂದೆ ಹಿಡಿದರು. ಇನ್ನೊಂದು ಕೈಯಲ್ಲಿ ಲೈಟರ್ ಇತ್ತು. ಯಾರೋ ಆಗಲೇ ಚಪ್ಪಾಳೆ ಸುರುಮಾಡಿದ್ದರು.

ನನ್ನ ಗಂಡ ಸಿಗರೇಟು ನೋಡಿದರು. ಆಮೇಲೆ ತಲೆ ಎತ್ತಿ, ಕಾರುಗಳ ಸಾಲಿನಲ್ಲಿ ನಾನು ಎಲ್ಲಿದ್ದೇನೆ ಎಂದು ಹುಡುಕಿದರು. ಕಂಡ ಮೇಲೆ ಗೆಳೆಯರ ಕಡೆ ತಿರುಗಿ, ಎದೆ ಮುಟ್ಟಿಕೊಂಡು, ಅಷ್ಟು ದಿನ ನಮ್ಮೆಲ್ಲರ ಜೀವ ತಿಂದಿದ್ದ ಅದೇ ಶಬ್ದ ಮಾಡಿ ಗಂಟಲು ಕೆರೆದರು.

"ಬೇಡ ಮಾರಾಯ್ರೆ. ಗಂಟಲು ಸರಿ ಇಲ್ಲ."

"ಸರಿ ಇಲ್ವಾ? ಈಗ ಗ್ಲೋರಿಯಾಕ್ಕೆ ಚರ್ಚಿನ ಮಾಡು ಹಾರುವ ಹಾಗೆ ಹಾಡಿದ್ದು ಯಾರು ಹಾಗಾದ್ರೆ?"

ಎಲ್ಲರೂ ನಕ್ಕರು. ನಾನು ಡಬ್ಬಿಯನ್ನು ಕಾರಿನ ಮೇಲಿಟ್ಟು ಅವರ ನಡುವೆ ಹೋಗಿ ನಿಂತೆ. ಆ ಗುಂಪಿನೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು.

"ನಾನೇ ನೋಡಿದ್ದೇನೆ," ಎಂದೆ, ಆಸ್ಪತ್ರೆಯ ಸ್ವರದಲ್ಲಿ. "ಗಂಟಲು ತುಂಬಾ ಕೆಂಪು ಉಂಟು. ಕೊಡಬೇಡಿ."

ಉಡುಪಿಯ ಗೆಳೆಯರು ಒಮ್ಮೆ ನನ್ನನ್ನೂ ಒಮ್ಮೆ ಇವರನ್ನೂ ನೋಡಿ, ಆ ಸಿಗರೇಟನ್ನು ಬೆರಳಿನಿಂದ ಮೆಲ್ಲಗೆ ಪ್ಯಾಕಿನೊಳಗೆ ತಳ್ಳಿದರು.